ಜಾವಗಲ್‌ನಲ್ಲೊಂದು ಮಚ್ಚಾ ಟೋಸ್ಟ್

ನಮ್ಮ ಮನೆಗೆ ಎರಡು ವರ್ಷದಿಂದ ಬ್ರೆಡ್ ಬಂದಿರಲಿಲ್ಲ. ತರಬಾರದು ಅಂತ ಯಾರೂ ಹೇಳಿರಲಿಲ್ಲ. ಅಮ್ಮ ತರಲಿಲ್ಲ, ನಾವೂ ಕೇಳಲಿಲ್ಲ, ಅಷ್ಟೇ.

ಕಾರಣ ಎಲ್ಲರಿಗೂ ಗೊತ್ತಿತ್ತು. ನಮ್ಮ ಕಡೆ ಬ್ರೆಡ್ ಅಂದರೆ ತಿಂಡಿಗಿಂತ ಹೆಚ್ಚಾಗಿ ಕಾಯಿಲೆ. ಜ್ವರ ಬಂದರೆ ಹಾಲು-ಬ್ರೆಡ್ಡು. ಆಸ್ಪತ್ರೆಯಲ್ಲಿರೋರನ್ನ ನೋಡೋಕೆ ಹೋದರೆ ಕೈಯಲ್ಲೊಂದು ಬ್ರೆಡ್ ಪ್ಯಾಕೆಟ್ಟು, ನಾಲ್ಕು ಮೂಸಂಬಿ. ಅಪ್ಪ ಹಾಸನದಲ್ಲಿ ಆಸ್ಪತ್ರೆಯಲ್ಲಿದ್ದ ಹತ್ತೊಂಬತ್ತು ದಿನವೂ ಬಂದವರೆಲ್ಲ ಅದನ್ನೇ ತಂದರು. ಅಪ್ಪನಿಗೆ ತಿನ್ನೋಕೆ ಆಗುತ್ತಿರಲಿಲ್ಲ. ದಂಡ ಆಗಬಾರದು ಅಂತ ಅಮ್ಮನೇ ರಾತ್ರಿ ಹೊತ್ತು ಟೀಯಲ್ಲಿ ಅದ್ದಿಕೊಂಡು ತಿನ್ನುತ್ತಿದ್ದಳು. ಅಪ್ಪ ಮನೆಗೆ ವಾಪಸ್ ಬರಲಿಲ್ಲ. ಉಳಿದ ಎರಡು ಪ್ಯಾಕೆಟ್ಟು ಮಾತ್ರ ಬ್ಯಾಗಿನಲ್ಲಿ ಬಂದವು. ಅಮ್ಮ ಅವನ್ನ ಹಸುವಿಗೆ ಹಾಕಿದಳು.

ನಾನಿರುವುದು ಬೆಂಗಳೂರಿನಲ್ಲಿ. ಊರು ಜಾವಗಲ್ ಅಂದ ತಕ್ಷಣ ಆಫೀಸಿನಲ್ಲಿ ಎಲ್ಲರೂ "ಕ್ರಿಕೆಟರ್ ಶ್ರೀನಾಥ್ ಊರಾ?" ಅಂತಾರೆ. ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಸ್ಥಾನ ಇದೆ, ಹಳೇಬೀಡಿಗೆ ಹತ್ತಿರ, ಬನ್ನಿ ಅಂತ ನಾನೂ ಕರೀತೀನಿ. ಯಾರೂ ಬಂದಿಲ್ಲ. ಅಪ್ಪ ಹೋದ ಮೇಲೆ ತಿಂಗಳಿಗೆ ಒಂದು ವಾರ ಮನೆಯಿಂದಲೇ ಕೆಲಸ ಮಾಡುತ್ತೀನಿ ಅಂತ ಮ್ಯಾನೇಜರ್ ಹತ್ತಿರ ಕೇಳಿಕೊಂಡಿದ್ದೇನೆ. ಕಳೆದ ಸಲ ಹೊರಟಾಗ, ಜಪಾನಿಗೆ ಹೋಗಿ ಬಂದ ಸಹೋದ್ಯೋಗಿ ಕೊಟ್ಟ 30 ಗ್ರಾಂನ ಮಚ್ಚಾ ಡಬ್ಬಿ ಬ್ಯಾಗಿನಲ್ಲಿತ್ತು. ಇಂದಿರಾನಗರದ ಒಂದು ಕೆಫೆಯಲ್ಲಿ ತಿಂದಿದ್ದ ಮಚ್ಚಾ ಫ್ರೆಂಚ್ ಟೋಸ್ಟ್ ನೆನಪಾಯಿತು. ಶನಿವಾರ ರಜೆ. ಬೇಕರಿಗೆ ಹೋಗಿ ಬ್ರೆಡ್ ತಂದೇಬಿಟ್ಟೆ.

ಅಡುಗೆಮನೆ ಕಟ್ಟೆಯ ಮೇಲೆ ಪ್ಯಾಕೆಟ್ ಇಟ್ಟ ಮೇಲೆಯೇ ನನಗೆ ಹೊಳೆದದ್ದು. ಅಮ್ಮ ಅದನ್ನು ನೋಡಿದಳು, ಏನೂ ಅನ್ನಲಿಲ್ಲ. ಪ್ಯಾಕೆಟ್ಟನ್ನು ಗೋಡೆ ಪಕ್ಕಕ್ಕೆ ಸರಿಸಿ, ಅದಿದ್ದ ಜಾಗ ಬಟ್ಟೆಯಿಂದ ಒರೆಸಿದಳು.

ತೆಗೆದು ಬಚ್ಚಿಡಲಾ ಅನ್ನಿಸಿತು. ಮಾತು ಮರೆಸೋಕೆ ಅಂತ ಮಚ್ಚಾ ಡಬ್ಬಿ ತೆಗೆದೆ.

"ಇದೇನೇ, ಮೆಹಂದಿ ಪುಡಿ ಥರ ಐತೆ?"

"ಮಚ್ಚಾ ಅಂತಮ್ಮ."

"ಮಚ್ಚಾ ಅಂದ್ರೆ ಬೆಂಗಳೂರು ಹುಡುಗ್ರು ಒಬ್ರಿಗೊಬ್ರು ಕರ್ಕೊಳ್ಳೋದಲ್ವಾ?"

ಇಬ್ಬರೂ ನಕ್ಕೆವು. ಆಮೇಲೆ ಹೇಳಿದೆ: ಇದು ಟೀ ಎಲೆಯೇ. ಕೀಳುವ ಮೊದಲು ಸುಮಾರು ಮೂರು ವಾರ ಗಿಡಗಳಿಗೆ ಚಪ್ಪರ ಹಾಕಿ ಬಿಸಿಲು ತಪ್ಪಿಸುತ್ತಾರೆ, ಅದಕ್ಕೇ ಇಷ್ಟು ಹಸಿರು. ಎಲೆಯನ್ನು ಹಬೆಯಲ್ಲಿ ಬೇಯಿಸಿ, ಒಣಗಿಸಿ, ನಾರು-ದಂಟು ತೆಗೆದು ಕಲ್ಲಿನಲ್ಲಿ ಬೀಸುತ್ತಾರೆ. ಒಂದು ಕಲ್ಲಿನಿಂದ ಗಂಟೆಗೆ ಬರೋದು ಹೆಚ್ಚೆಂದರೆ ಸುಮಾರು 40 ಗ್ರಾಂ. ನಾವು ಟೀ ಸೋಸಿ ಚರಟ ಎಸೆಯುತ್ತೀವಿ. ಇದರಲ್ಲಿ ಎಲೆಯೇ ಹೊಟ್ಟೆಗೆ ಹೋಗುತ್ತೆ.

ಅಮ್ಮನಿಗೆ ನೆರಳಿನ ವಿಷಯ ಹೊಸದೇನಲ್ಲ. "ಬೇಲೂರಿನಾಚೆ ಕಾಫಿ ತೋಟಕ್ಕೂ ನೆರಳು ಬೇಕಲ್ಲ" ಅಂದಳು. ಕಲ್ಲಿನ ವಿಷಯ ಮಾತ್ರ ಹಿಡಿಸಿತು. "ಗಂಟೆಗೆ ಒಂದು ಹಿಡಿನೂ ಇಲ್ವಾ? ನಮ್ಮ ರಾಗಿಕಲ್ಲಲ್ಲಿ ಹಂಗೆ ಬೀಸಿದ್ರೆ ನಿಮ್ಮಜ್ಜಿ ಮನೆಯಿಂದ ಓಡಿಸ್ತಿದ್ಲು."

ಫ್ರೆಂಚ್ ಟೋಸ್ಟಿಗೆ ಸಾಮಾನ್ಯವಾಗಿ ಮೊಟ್ಟೆ ಹಾಕುತ್ತಾರೆ. ನಮ್ಮ ಅಡುಗೆಮನೆಗೆ ಮೊಟ್ಟೆ ಬರೋಲ್ಲ. ಆದರೆ ಹಳೇ ರೋಮನ್ನರ ಅಡುಗೆ ಪುಸ್ತಕದಲ್ಲೇ ಬ್ರೆಡ್ಡನ್ನು ಹಾಲಿನಲ್ಲಿ ನೆನೆಸಿ, ಕರಿದು, ಜೇನು ಸುರಿಯುವ ತಿಂಡಿಯೊಂದಿದೆ. ಹಾಗಾಗಿ ಮೊಟ್ಟೆ ಇಲ್ಲದಿದ್ದರೂ ನಡೆಯುತ್ತೆ ಅಂತ ಧೈರ್ಯ ಮಾಡಿದೆ. ಅಲ್ಲದೆ, ಮೊಟ್ಟೆ ಇಲ್ಲದ ಬೇಕರಿಗೆ ನಮ್ಮ ಜಿಲ್ಲೆಯೇ ತವರು. ಬೆಂಗಳೂರಿನ ಗಲ್ಲಿಗಲ್ಲಿಯಲ್ಲಿರುವ ಅಯ್ಯಂಗಾರ್ ಬೇಕರಿಗಳಲ್ಲಿ ಎಷ್ಟೋ ಹಾಸನದ ಹಳ್ಳಿಗಳಿಂದ ಹೋದವರದ್ದು.

ಮೊದಲನೇ ಸಲ ಪೂರ್ತಿ ಕೆಟ್ಟಿತು. ಕುದಿಯುವ ಹಾಲಿಗೆ ಮಚ್ಚಾ ಸುರಿದೆ, ಗಂಟುಗಂಟಾಯಿತು. ಆವತ್ತಿನದೇ ಮೆತ್ತನೆ ಬ್ರೆಡ್ಡು ಹಾಲು ಹೀರಿ ಕೈಯಲ್ಲೇ ಮುರಿಯಿತು. ಕಾವಲಿ ಜೋರಾಗಿ ಕಾದಿತ್ತು, ಹಸಿರೆಲ್ಲ ಕಂದು ಬಣ್ಣಕ್ಕೆ ತಿರುಗಿತು. ಬಾಯಿಗಿಟ್ಟರೆ ಕಹಿ. ಅಷ್ಟು ಹೊತ್ತು ಬಾಗಿಲಲ್ಲಿ ನಿಂತಿದ್ದ ಅಮ್ಮ ಒಳಗೆ ಬಂದು ಮಿಕ್ಕ ಬ್ರೆಡ್ಡನ್ನು ತಟ್ಟೆಯಲ್ಲಿ ಹರವಿ ಫ್ಯಾನಿನ ಕೆಳಗಿಟ್ಟಳು. "ಸ್ವಲ್ಪ ಆರ್ಲಿ. ಒಣಗಿದ್ರೆ ನಿಲ್ಲುತ್ತೆ." ಎರಡು ವರ್ಷದ ಮೇಲೆ ಅವಳು ಬ್ರೆಡ್ ಮುಟ್ಟಿದ್ದು ಅದೇ ಮೊದಲು.

ಎರಡನೇ ಸಲ ಸರಿಯಾಯಿತು. ನೀವು ಮಾಡಿ ನೋಡುವುದಾದರೆ ಲೆಕ್ಕ ಹೀಗೆ: ನಾಲ್ಕು ಸ್ಲೈಸ್ ಬ್ರೆಡ್, ಹಿಂದಿನ ದಿನದ್ದಾದರೆ ಒಳ್ಳೇದು. ಒಂದು ಟೀ ಚಮಚ ಮಚ್ಚಾವನ್ನು ಜರಡಿ ಹಿಡಿದು, ಕುದಿಸಿ ಐದು ನಿಮಿಷ ಆರಲು ಬಿಟ್ಟ ನೀರು ಎರಡು ಚಮಚ ಹಾಕಿ ಗಂಟಿಲ್ಲದಂತೆ ಕಲಸಿ. ಕಾಯಿಸಿ ಆರಿಸಿದ ಒಂದು ಲೋಟ (200 ಮಿ.ಲೀ.) ಹಾಲಿಗೆ ಎರಡು ದೊಡ್ಡ ಚಮಚ ವೆನಿಲಾ ಕಸ್ಟರ್ಡ್ ಪೌಡರ್, ಎರಡು ಟೀ ಚಮಚ ಸಕ್ಕರೆ, ಚಿಟಿಕೆ ಉಪ್ಪು ಸೇರಿಸಿ, ಆಮೇಲೆ ಮಚ್ಚಾ ಬೆರೆಸಿ. ಮೊಟ್ಟೆಯ ಕೆಲಸ ಕಸ್ಟರ್ಡ್ ಪೌಡರ್ ಮಾಡುತ್ತೆ. ಅದು ತಳಕ್ಕಿಳಿಯುತ್ತೆ, ಪ್ರತಿ ಸಲ ಅದ್ದುವಾಗಲೂ ಕದಡಿಕೊಳ್ಳಿ. ಒಂದೊಂದು ಬದಿಗೆ ನಾಲ್ಕೈದು ಸೆಕೆಂಡು ಅದ್ದಿದರೆ ಸಾಕು. ಸಣ್ಣ ಉರಿಯಲ್ಲಿ, ತುಪ್ಪದಲ್ಲಿ, ಎರಡೂ ಕಡೆ ನಿಧಾನವಾಗಿ ಬೇಯಿಸಿ. ಅಂಚು ಹೊಂಬಣ್ಣಕ್ಕೆ ಬಂದಾಗ ತೆಗೆದರೆ ಒಳಗಿನ ಹಸಿರು ಉಳಿಯುತ್ತೆ.

ಕೆಫೆಯಲ್ಲಿ ಮೇಲೆ ಕ್ರೀಮು, ಸ್ಟ್ರಾಬೆರಿ ಇಡುತ್ತಾರೆ. ಅಮ್ಮ ನಮ್ಮ ತೋಟದ್ದೇ ಒಂದು ಕಾಯಿ ಒಡೆದು ತುರಿದು, ಬೆಲ್ಲದ ಪುಡಿ, ಏಲಕ್ಕಿ ಬೆರೆಸಿ ತಂದಳು. ಮಚ್ಚಾದ ಸಣ್ಣ ಕಹಿಗೆ ಅದು ಎಷ್ಟು ಚೆನ್ನಾಗಿ ಹೊಂದಿತೆಂದರೆ, ನನಗೆ ಕ್ರೀಮು ನೆನಪೇ ಆಗಲಿಲ್ಲ.

ಬಿಸಿ ಟೋಸ್ಟ್ ತಟ್ಟೆಗೆ ಹಾಕಿ ಅಮ್ಮನ ಮುಂದಿಟ್ಟೆ. ಬೇಡ ಅಂದರೆ ಒತ್ತಾಯ ಮಾಡಬಾರದು ಅಂದುಕೊಂಡಿದ್ದೆ. ಅವಳು ಒಂದು ಮೂಲೆ ಮುರಿದು ಬಾಯಿಗಿಟ್ಟಳು. ಇನ್ನೊಂದು ಮುರಿದಳು.

"ಈ ತಿಂಡಿಗೆ ಫ್ರಾನ್ಸಿನೋರು ಏನಂತಾರೆ ಗೊತ್ತಾಮ್ಮ? ಪಾಂ ಪೆರ್ದ್ಯು. ದಂಡವಾದ ಬ್ರೆಡ್ಡು ಅಂತ ಅರ್ಥ. ಒಣಗಿ ಎಸೆಯೋ ಬ್ರೆಡ್ಡಲ್ಲಿ ಮಾಡೋದು."

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ತಟ್ಟೆ ನೋಡುತ್ತಲೇ ಹೇಳಿದಳು: "ಹತ್ತೊಂಬತ್ತು ದಿನ ಕಣೇ. ಎಷ್ಟು ಜನ ಬಂದ್ರು. ಒಬ್ರೂ ನೀನೇನು ಉಂಡೆ ಅಂತ ಕೇಳ್ಲಿಲ್ಲ. ಒಂದು ಡಬ್ಬಿ ಬಿಸಿ ಅನ್ನ ಯಾರೂ ತರ್ಲಿಲ್ಲ."

ಅಪ್ಪನ ನೆನಪಿಗೇ ಅಮ್ಮ ಬ್ರೆಡ್ ಬಿಟ್ಟಳು ಅಂತ ನಾವೆಲ್ಲ ತಿಳಿದಿದ್ದೆವು. ಅದು ಅರ್ಧ ಸತ್ಯ. ಇನ್ನರ್ಧ ಅವಳ ಹಸಿವು. ಆ ಹತ್ತೊಂಬತ್ತು ದಿನದಲ್ಲಿ ನಾನೂ ಐದು ಸಲ ಹಾಸನಕ್ಕೆ ಹೋಗಿದ್ದೆ. ರಿಪೋರ್ಟ್ ಓದಿದೆ, ಬಿಲ್ ಕಟ್ಟಿದೆ, ಡಾಕ್ಟರ ಹತ್ತಿರ ಮಾತಾಡಿದೆ. ಹೋದಾಗೆಲ್ಲ ಬಸ್‌ಸ್ಟ್ಯಾಂಡಿನಲ್ಲಿ ಬ್ರೆಡ್ ಕೊಂಡುಕೊಂಡೇ ಹೋಗಿದ್ದೆ.

"ನಾನೂ ತರ್ಲಿಲ್ಲ ಅಲ್ವಾಮ್ಮ" ಅಂದೆ.

ಇಲ್ಲ ಅಂತ ಅವಳು ಸುಳ್ಳು ಹೇಳಲಿಲ್ಲ. "ಇವತ್ತು ಮಾಡಿಕೊಟ್ಟೆಯಲ್ಲ, ತಿನ್ನು, ಆರೋಯ್ತದೆ" ಅಂತ ಅರ್ಧ ಟೋಸ್ಟ್ ಮುರಿದು ನನ್ನ ತಟ್ಟೆಗೆ ಹಾಕಿದಳು.

ಹೋದ ವಾರ ಬೆಂಗಳೂರಿನಲ್ಲಿ ನನ್ನ ಟೀಮಿನ ಹುಡುಗಿಯೊಬ್ಬಳ ಅತ್ತೆಗೆ ಆಪರೇಷನ್ ಆಯಿತು. ಆಫೀಸಿನವರೆಲ್ಲ ಸೇರಿ ಹಣ್ಣಿನ ಬುಟ್ಟಿ ಕಳಿಸಿದರು. ನಾನು ಅವಳಿಗೆ ಫೋನ್ ಮಾಡಿ ಕೇಳಿದೆ, "ನೀನು ಊಟ ಮಾಡಿದ್ಯಾ?" ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ. ಸಂಜೆ ಅನ್ನ, ಸಾರು, ಒಂದು ಹಪ್ಪಳ ಡಬ್ಬಿಗೆ ಹಾಕಿಕೊಂಡು ಹೋದೆ.

ರಾತ್ರಿ ಅಮ್ಮ ಫೋನ್ ಮಾಡಿದ್ದಳು. ಬೇಕರಿಯಿಂದ ಬ್ರೆಡ್ ತಂದು, ಹಸಿರು ಪುಡಿ ಇಲ್ಲದೆ, ಬರೀ ಹಾಲು-ಕಸ್ಟರ್ಡಿನಲ್ಲಿ ಟೋಸ್ಟ್ ಮಾಡಿ ಪಕ್ಕದ ಮನೆಯವರಿಗೂ ಕೊಟ್ಟಳಂತೆ. "ನಿನ್ನ ಮಚ್ಚಾಗಿಂತ ಇದೇ ವಾಸಿ" ಅಂದಳು. ಆಮೇಲೆ, "ಡಬ್ಬೀಲಿ ಇನ್ನೂ ಉಳಿದೈತಾ?" ಅಂತಲೂ ಕೇಳಿದಳು.