ಪಿಸ್ತೂಲೋ, ರಿವಾಲ್ವರೋ?
ರಾಜಾಜಿನಗರದ ವ್ಯಾಪಾರಿಯೊಬ್ಬರು ಲೈಸೆನ್ಸ್ ಪಡೆದು ಪಿಸ್ತೂಲು ಕೊಳ್ಳಹೊರಟರೆ, ಆಯ್ಕೆಯ ಬಹುಪಾಲನ್ನು ಕಾನೂನೇ ಮಾಡಿ ಮುಗಿಸಿರುತ್ತದೆ. 9 ಎಂಎಂ 'ನಿಷೇಧಿತ ಬೋರ್', ಅಂದರೆ ಸಾಮಾನ್ಯರಿಗೆ ಲೈಸೆನ್ಸ್ ಸಿಗದ ನಳಿಗೆಯ ಅಳತೆ. ಅಂಗಡಿಗಳಿಗೆ ವಿದೇಶಿ ಮಾಲು ಬರುವುದು 1980ರ ದಶಕದಲ್ಲೇ ನಿಂತಿತು. ಅಳಿದುಳಿದ ಹಳೆಯವಕ್ಕೆ ವಿಪರೀತ ಬೆಲೆ. ಹಾಗಾಗಿ ಮಧ್ಯಮ ಬೆಲೆ ಎಂದರೆ ಹೆಚ್ಚಾಗಿ ಸರ್ಕಾರಿ ಕಾರ್ಖಾನೆಯ .32 'ಅಶನಿ'ಯಂಥ ಪಿಸ್ತೂಲು. ರಿವಾಲ್ವರಿಗಿಂತ ಗುಂಡು ಹೆಚ್ಚು ಹಿಡಿಯುತ್ತದೆ, ಚಪ್ಪಟೆಯಾಗಿದೆ ಎನ್ನುತ್ತಾರೆ ಪಿಸ್ತೂಲಿನ ಪರ ಇರುವವರು. ನಿಜವೇ. ಆದರೆ ಮ್ಯಾಗಜೀನು ತೆಗೆದ ಮೇಲೂ ಚೇಂಬರಿನಲ್ಲಿ ಗುಂಡು ಉಳಿದಿರಬಹುದು. ಸಿಕ್ಕಿಕೊಂಡ ತೋಟಾ ಬಿಡಿಸಲು ಕೈ ಪಳಗಿರಬೇಕು. ಪಳಗಿಸೋಣವೆಂದರೆ ತೋಟಾ ಖರೀದಿಗೂ ಲೈಸೆನ್ಸಿನಲ್ಲೇ ಮಿತಿ! ಅಭ್ಯಾಸಕ್ಕೆ ಪುರಸೊತ್ತಿಲ್ಲದವರಿಗೆ ಆರು ಗುಂಡಿನ ರಿವಾಲ್ವರೇ ವಾಸಿ. ಚುನಾವಣೆ ಬಂದರಂತೂ ಸಾಮಾನ್ಯವಾಗಿ ಎರಡನ್ನೂ ಠಾಣೆಗೆ ಒಪ್ಪಿಸಬೇಕು.