ಆಕಾಶ ಖಾಲಿ ಇದೆ ಅಂದ್ಕೊಂಡಿದ್ವಿ

ರಾಜ್ಯೋತ್ಸವದ ಹಿಂದಿನ ದಿನ. ಕಾಲೇಜ್ ಗ್ರೌಂಡಿನಲ್ಲಿ ರಂಗೋಲಿಯಲ್ಲಿ ಕರ್ನಾಟಕದ ನಕ್ಷೆ ಬಿಡಿಸಿದ್ದೆವು. ಬೀದರಿನಿಂದ ಚಾಮರಾಜನಗರಕ್ಕೆ ನಲವತ್ತು ಅಡಿ! ಪಕ್ಕದಲ್ಲಿ ನಿಂತವರಿಗೆ ಅದು ಬರೀ ಹಳದಿ-ಕೆಂಪು ಪುಡಿ, ಮೇಲಿಂದಲೇ ನೋಡಬೇಕು. ಜೂನಿಯರ್ ಒಬ್ಬ ಅವರಣ್ಣನ ಡ್ರೋನ್ ತಂದಿದ್ದ. "250 ಗ್ರಾಂ ಕೂಡ ಇಲ್ಲ, ಲೈಸೆನ್ಸ್ ಬೇಡ" ಅಂದ. ನಾವೂ ಮತ್ತೇನೂ ಕೇಳಲಿಲ್ಲ.

ಗ್ರೌಂಡಿನ ಆ ತುದಿಯಲ್ಲಿ, 40 ಮೀಟರ್ ಎತ್ತರದಲ್ಲಿ, ಫ್ರೇಮ್ ಸರಿಯಾಗಿ ಕೂತಿತ್ತು. ಅಷ್ಟರಲ್ಲಿ ಜಕ್ಕೂರು ಕಡೆಯಿಂದ ತರಬೇತಿ ವಿಮಾನದ ಸದ್ದು. ದಿನಾ ಕ್ಲಾಸಲ್ಲಿ ಕೂತು ಕೇಳೋ ಸದ್ದೇ. ಅವತ್ತು ಮಾತ್ರ ಎದೆ ಧಸಕ್ಕೆಂದಿತು. ಗಾಬರಿಯಲ್ಲಿ 'ರಿಟರ್ನ್ ಟು ಹೋಮ್' ಒತ್ತಿಬಿಟ್ಟೆವು. ಡ್ರೋನ್ ಕೆಳಗಿಳಿಯಲಿಲ್ಲ, ಮೇಲೇರಿತು!

ತಪ್ಪು ಅದರದ್ದಲ್ಲ. ವಾಪಸ್ ಬರುವಾಗ ಮರ, ಕಟ್ಟಡ ತಾಗದಿರಲೆಂದು ಅದು ಮೊದಲು ನಾವು ಹೇಳಿಟ್ಟ ಎತ್ತರಕ್ಕೆ ಏರುತ್ತೆ. ಹಾಸ್ಟೆಲ್ಲಿನ ನೀರಿನ ಟ್ಯಾಂಕಿಗೆ ಹೆದರಿ 80 ಮೀಟರ್ ಅಂತ ಸೆಟ್ ಮಾಡಿದ್ದು ನಾವೇ. ಪುಣ್ಯಕ್ಕೆ ವಿಮಾನ ಇನ್ನೂ ಮೇಲೆ ಹಾದುಹೋಯಿತು. ಅದರೊಳಗಿದ್ದವರಿಗೆ ನಾವಿದ್ದದ್ದೇ ಗೊತ್ತಾಗಿರಲಿಕ್ಕಿಲ್ಲ.

ರಾತ್ರಿ ರೂಮಲ್ಲಿ ಲೆಕ್ಕ ಹಾಕಿದೆವು. ಗಂಟೆಗೆ 180 ಕಿ.ಮೀ. ಅಂದರೆ ಸೆಕೆಂಡಿಗೆ 50 ಮೀಟರ್. ಅಂಗೈಯಗಲದ ಡ್ರೋನ್ 300 ಮೀಟರ್ ದೂರದಿಂದಲೇ ಕಂಡಿತು ಅಂತಿಟ್ಟುಕೊಂಡರೂ ಪೈಲಟ್‌ಗೆ ಸಿಗೋದು ಆರು ಸೆಕೆಂಡ್. 'ನೋಡು, ತಪ್ಪಿಸಿಕೋ' ಅನ್ನೋದು ವಿಮಾನಗಳ ಹಳೇ ನಿಯಮ. ನಮ್ಮ ಡ್ರೋನಿಗೂ ಕಣ್ಣಿತ್ತು, ಆದರೆ ಅದು ರಂಗೋಲಿ ಮೇಲಿತ್ತು.

ಚಿಕ್ಕದಲ್ವಾ, ತಾಗಿದರೇನಾಗುತ್ತೆ ಅನ್ನಬೇಡಿ. 2025ರ ಜನವರಿಯಲ್ಲಿ ಲಾಸ್ ಏಂಜಲೀಸಿನ ಕಾಡ್ಗಿಚ್ಚು ಆರಿಸುತ್ತಿದ್ದ ವಿಮಾನಕ್ಕೆ ಯಾರೋ ಹಾರಿಸಿದ ಪುಟ್ಟ ಡ್ರೋನ್ ಬಡಿದು ರೆಕ್ಕೆ ತೂತಾಯಿತು. ವಿಮಾನ ಸುರಕ್ಷಿತವಾಗಿ ಇಳಿಯಿತು ನಿಜ. ಆದರೆ ಊರು ಉರಿಯುತ್ತಿದ್ದಾಗ ರಿಪೇರಿಗೆ ನಿಲ್ಲಬೇಕಾಯಿತು.

ಆಮೇಲೆ ಡಿಜಿಟಲ್ ಸ್ಕೈ ಮ್ಯಾಪ್ ತೆರೆದೆವು. 2021ರ ಡ್ರೋನ್ ನಿಯಮಗಳ ಪ್ರಕಾರ ಆಕಾಶಕ್ಕೆ ಮೂರು ಬಣ್ಣ. ಹಸಿರಲ್ಲಿ 400 ಅಡಿವರೆಗೆ ಅನುಮತಿ ಬೇಡ. ಹಳದಿಯಲ್ಲಿ ವಾಯು ಸಂಚಾರ ನಿಯಂತ್ರಕರನ್ನು ಕೇಳಬೇಕು. ಕೆಂಪಲ್ಲಿ ಕೇಂದ್ರ ಸರ್ಕಾರವೇ ಒಪ್ಪಬೇಕು. ನಮ್ಮ ಗ್ರೌಂಡ್ ಪೂರ್ತಿ ಕೆಂಪು! ತೂಕ ಕಮ್ಮಿಯಿದ್ದರೆ ಪೈಲಟ್ ಸರ್ಟಿಫಿಕೇಟ್ ಬೇಡ, ನಿಜ. ಜಾಗದ ನಿಯಮಕ್ಕೆ ವಿನಾಯಿತಿ ಇಲ್ಲ.

ಡ್ರೋನ್ ತನ್ನ ಗುರುತು, ಜಾಗ ತಾನೇ ಸಾರುವ ವ್ಯವಸ್ಥೆ, ಎದುರಿನದನ್ನು ಗುರುತಿಸಿ ತಪ್ಪಿಸಿಕೊಳ್ಳೋ ಸೆನ್ಸರ್, ಹಾರುವ ಮೊದಲೇ ದಾರಿ ಹಂಚಿಕೊಳ್ಳೋ ಸಾಫ್ಟ್‌ವೇರ್, ಎಲ್ಲಾ ಬರ್ತಿವೆ. ನಮ್ಮಲ್ಲೇ ಕೆಲವರು ನಾಳೆ ಅದನ್ನೇ ಮಾಡಬಹುದು. ಎಲ್ಲದರ ತಿರುಳು ಒಂದೇ: ನಾನೆಲ್ಲಿದ್ದೀನಿ, ಮುಂದೇನು ಮಾಡ್ತೀನಿ ಅಂತ ಇನ್ನೊಬ್ಬರಿಗೆ ಗೊತ್ತಿರಬೇಕು. ಅವತ್ತು ನಮ್ಮ ಡ್ರೋನ್ ಮುಂದೇನು ಮಾಡುತ್ತೆ ಅನ್ನೋದು ನಮಗೇ ಗೊತ್ತಿರಲಿಲ್ಲ.

ಮರುದಿನ ಫೋಟೋ ತೆಗೆದದ್ದು ನಾಲ್ಕನೇ ಮಹಡಿಯ ಟೆರೇಸಿನಿಂದ, ಫೋನಲ್ಲಿ. ತೆಂಗಿನ ಗರಿ ಅಡ್ಡ ಬಂದು ಬೀದರ್ ಕಾಣೋದಿಲ್ಲ. ಬೀದರಿನ ಗೆಳೆಯರೇ, ಕ್ಷಮಿಸಿ.