ದಿನಾಂಕದ ಮುದ್ರೆ

ಜ್ಞಾನವನ್ನು ಹಂಚುವ ಕೈಗೆ ಅಧಿಕಾರವೂ ಇರುತ್ತದೆ. ಆ ಅಧಿಕಾರ ಎಷ್ಟು ಚಿಕ್ಕದಾದರೂ ಮನುಷ್ಯನನ್ನು ಪರೀಕ್ಷಿಸದೆ ಬಿಡುವುದಿಲ್ಲ.

1990ರ ದಶಕದ ಮಾತು. ಮೂಡುಬಿದಿರೆಯ ಕಡೆಯಿಂದ ಬಸ್ಸಿನಲ್ಲಿ ಮಂಗಳೂರಿಗೆ ಬಂದು ಓದುತ್ತಿದ್ದ ವಿದ್ಯಾರ್ಥಿಯೊಬ್ಬನಿಗೆ ಕಾಲೇಜಿನ ಗ್ರಂಥಾಲಯದಲ್ಲಿ ದಿನಕ್ಕೆ ಎರಡು ಗಂಟೆಯ ಕೆಲಸ ದೊರೆತಿತ್ತು. ಸಂಬಳ ಬಸ್ಸಿನ ಖರ್ಚಿಗೆ ಸಾಲುವಷ್ಟು. ಪುಸ್ತಕದ ಚೀಟಿಯನ್ನು ತೆಗೆದು ಓದುಗನ ಕಾರ್ಡಿನೊಳಗೆ ಇರಿಸುವುದು, ಪುಸ್ತಕ ಮರಳಬೇಕಾದ ದಿನಾಂಕದ ಮುದ್ರೆಯೊತ್ತುವುದು, ತಡವಾದರೆ ದಂಡ ಬರೆಯುವುದು – ಇಷ್ಟೇ ಅವನ ಹೊಣೆ.

ಪರೀಕ್ಷೆ ಸಮೀಪಿಸಿತ್ತು. ಊರಿನ ಗೆಳೆಯನೊಬ್ಬ ಅವಧಿ ಮುಗಿದ ಲೆಕ್ಕಶಾಸ್ತ್ರದ ಪುಸ್ತಕವನ್ನು ತಂದು, ಇನ್ನೂ ಹದಿನೈದು ದಿನ ಬೇಕೆಂದ. ಅದೇ ಪುಸ್ತಕಕ್ಕಾಗಿ ವಿದ್ಯಾರ್ಥಿನಿಯೊಬ್ಬಳು ಬರೆದಿಟ್ಟ ಚೀಟಿ ಮೇಜಿನ ಮೇಲೆಯೇ ಇತ್ತು. ಬೇರೆಯವರು ಕಾದಿರುವಾಗ ಅವಧಿ ವಿಸ್ತರಿಸಬಾರದೆಂಬುದು ನಿಯಮ. ಆದರೂ ದಾಕ್ಷಿಣ್ಯ ಗೆದ್ದಿತು, ಮುದ್ರೆ ಬಿತ್ತು. ಮರುದಿನ ಆಕೆ ಸುರಿಯುವ ಮಳೆಯಲ್ಲಿ ಕೊಡೆ ಹಿಡಿದು ಬಂದಳು. “ಪುಸ್ತಕ ಇನ್ನೂ ಬಂದಿಲ್ಲ” ಎಂದನು. ಆಕೆ ಮರುಮಾತಾಡದೆ ಮೆಟ್ಟಿಲಿಳಿದು ಹೋದಳು.

ಕಪಾಟಿನಿಂದ ಅವನು ಏನನ್ನೂ ಕದ್ದಿರಲಿಲ್ಲ. ಆದರೆ ಕೊಡದುದನ್ನು ತೆಗೆದುಕೊಳ್ಳುವುದೇ ಚೌರ್ಯವೆಂದು ಬಾಲ್ಯದಿಂದ ಕೇಳಿದ್ದವನಿಗೆ ಅಂದು ರಾತ್ರಿ ನಿದ್ರೆ ಬರಲಿಲ್ಲ. ಆಕೆಯ ದಿನಗಳನ್ನು ತೆಗೆದು ಗೆಳೆಯನಿಗೆ ಕೊಡಲು ಅವನಾರು?

1917ರಲ್ಲಿ ಮಂಗಳೂರಿನ ಸರ್ಕಾರಿ ಕಾಲೇಜಿಗೆ ಗಣಿತದ ಅಧ್ಯಾಪಕರಾಗಿ ಬಂದಿದ್ದ ಎಸ್. ಆರ್. ರಂಗನಾಥನ್ ಅವರು ಮುಂದೆ 1924ರಲ್ಲಿ ಮದ್ರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲರಾದರು. 1931ರಲ್ಲಿ ಗ್ರಂಥಾಲಯಶಾಸ್ತ್ರದ ಐದು ಸೂತ್ರಗಳನ್ನು ಪ್ರಕಟಿಸಿದರು. ಪ್ರತಿಯೊಬ್ಬ ಓದುಗನಿಗೂ ಅವನ ಪುಸ್ತಕ ದೊರೆಯಬೇಕು, ಓದುಗನ ಕಾಲ ಉಳಿಯಬೇಕು ಎಂಬುವು ಅವುಗಳಲ್ಲಿ ಸೇರಿವೆ. ಓದುಗನ ಕಾಲವೂ ಅವನ ಸೊತ್ತೇ ಎಂಬ ವಿವೇಕ ಅಲ್ಲಿದೆ.

ಮೂರನೆಯ ದಿನ ಅವನು ಗ್ರಂಥಪಾಲರ ಮುಂದೆ ನಿಂತು ನಡೆದುದನ್ನು ಹೇಳಿದನು. ಅವರು ಗದರಿಸಲಿಲ್ಲ. “ಮುದ್ರೆಯನ್ನು ಹೊಡೆದುಹಾಕಿ ಸಹಿ ಮಾಡು, ಪುಸ್ತಕವನ್ನು ತರಿಸು” ಎಂದಷ್ಟೇ ನುಡಿದರು. ಗೆಳೆಯ ಪುಸ್ತಕವನ್ನು ಮೇಜಿನ ಮೇಲೆ ಎಸೆದು ಹೋದವನು ಬಹುಕಾಲ ಮಾತಾಡಲಿಲ್ಲ. ಪುಸ್ತಕ ಅವಳ ಹೆಸರಿನಲ್ಲಿ ಕಾದಿತ್ತು; ಪರೀಕ್ಷೆ ಮುಗಿಯುವವರೆಗೂ ಆಕೆ ಬರಲೇ ಇಲ್ಲ. ಹಣವಾದರೆ ಮರಳಿಸಬಹುದಿತ್ತು, ಕಳೆದ ದಿನಗಳನ್ನು ಹೇಗೆ ಮರಳಿಸುವುದು?

ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಅತ್ತಿಮಬ್ಬೆಯ ಶಾಸ್ತ್ರದಾನವನ್ನು ಸಮಾಜ ಇಂದಿಗೂ ಕೊಂಡಾಡುತ್ತದೆ. ಎಲ್ಲರಿಗೂ ಅಂತಹ ದಾನ ಸಾಧ್ಯವಿಲ್ಲ. ಬಸದಿಯ ಕಪಾಟಿನ ಬೀಗದ ಕೈ ಹಿಡಿದವರಿಗೆ, ಮನೆಯ ಪುಸ್ತಕವನ್ನು ಎರವಲು ಕೊಡುವವರಿಗೆ ಅದಕ್ಕಿಂತ ಚಿಕ್ಕದೊಂದು ದಾನ ಸಾಧ್ಯ: ಕಾದಿರುವವನ ಸರದಿಯನ್ನು ಅವನಿಗೇ ಬಿಟ್ಟುಕೊಡುವುದು.